ಆಹಾ ಇಲ್ಲದ ಹಬ್ಬದ ಸಂಜೆ

ಅಕ್ಟೋಬರ್ 3

ಮೈಕಣ್ಣ,

…ಅಲ್ಲಿಗೇ ಹಾಳೆ ಮುಗಿದೋಯ್ತು ನೋಡಿ, ಅದಕ್ಕೇ ಇದು ಬೇರೆ ಕವರ್. ಏನ್ ಹೇಳ್ತಿದ್ದೆ ಅಂದ್ರೆ, ಶನಿವಾರ ಆ ಅಕಾರ್ಡಿಯನ್ ಅಜ್ಜ ನುಡಿಸ್ತಾ ನುಡಿಸ್ತಾ ಮಧ್ಯೆ ಕೆಮ್ಮಿದ್ರಲ್ಲ, ಆಗ ನೀವು "ಆಹಾ…" ಅಂದ್ರಿ. ಕೆಮ್ಮಿಗೂ ಆಹಾನಾ! ನಾನು ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡೇ ನಗ್ತಾ ನಿಂತುಬಿಟ್ಟೆ. ಯಾರದೋ ಬಿಳಿ ಶರ್ಟಿನ ಕಾಲರ್ ಕಂದು ಬಣ್ಣಕ್ಕೆ ತಿರುಗ್ತು. ಚಿಕ್ಕಮ್ಮ ಹೇಳಿದ್ದು: "ನಿನ್ ಮೈಕಣ್ಣನ್ನೇ ಕರಿ. ಬಂದು ಈ ಶರ್ಟಿನೋರಿಗೂ ಒಂದು ಆಹಾ ಹೇಳಿ ಹೋಗ್ಲಿ."

ಚಿಕ್ಕಮ್ಮನ ಲಾಂಡ್ರಿ ಅಂಗಡೀಲಿ ರೇಡಿಯೋ ಇಟ್ಟಿರೋದು ಹಬೆ ಇಸ್ತ್ರಿ ಮೇಜಿನ ಮೇಲಿನ ಕಪಾಟಲ್ಲಿ. ನಮ್ಮೂರಿಗೆ ನಿಮ್ಮ ಸ್ಟೇಷನ್ ಅರ್ಧಂಬರ್ಧ ಬರೋದು. ತಂತಿ ಹ್ಯಾಂಗರ್ ಒಂದನ್ನ ನೆಟ್ಟಗೆ ಮಾಡಿ ಆಂಟೆನಾಗೆ ಕಟ್ಟಿದೀನಿ. ಯಾರಾದ್ರೂ ಅದಕ್ಕೆ ಕೋಟು ನೇತು ಹಾಕಿದ್ರೆ ನಿಮ್ಮ ದನಿ ಹೋಗುತ್ತೆ, ತೆಗೆದ್ರೆ ಬರುತ್ತೆ. ಏಳು ವರ್ಷದಿಂದ ಹೀಗೇ ಕೇಳ್ತಾ ಇದೀನಿ. ಒಂದು ಶನಿವಾರಾನೂ ಬಿಟ್ಟಿಲ್ಲ.

ಈಗ ವಿಷಯ. ನಮ್ಮ "ಮೈಕಣ್ಣ ಪಡೆ" ಗುಂಪಿಗೆ ನಾನೇ ಅಡ್ಮಿನ್, ಅಲ್ಲಿ ಎಲ್ಲರೂ ನನ್ನ ಚಾರ್ಜರ್ ಅಂತಾರೆ ಅಂತ ಹೇಳಿದ್ನಲ್ಲ. ಆ ಶನಿವಾರದ ಕಾರ್ಯಕ್ರಮದಿಂದ ನಿಮ್ಮ ಆಹಾ ಎಲ್ಲಾ ಕತ್ತರಿಸಿ ಒಂದರ ಹಿಂದೆ ಒಂದು ಜೋಡ್ಸಿ "ಆಹಾ ಮಾಲೆ" ಅಂತ ಹಾಕ್ದೆ. ಜನ ಬಿದ್ದು ಬಿದ್ದು ನಗ್ತಿದಾರೆ. ಪ್ರೀತಿಯಿಂದ ಮೈಕಣ್ಣ, ಪ್ರೀತಿಯಿಂದ. (ಇಲ್ಲಿ ನಗೋ ಮುಖ ಬರೆದಿದೀನಿ. ಪೆನ್ನು ಜಾರಿ ಅಳೋ ಥರ ಆಗಿದೆ. ನಗು ಅಂತಲೇ ಓದ್ಕೊಳ್ಳಿ.)

ಪ್ರಶ್ನೆ ಒಂದು: ಇಷ್ಟೊಂದು ಆಹಾ ಯಾಕೆ? ಪ್ರಶ್ನೆ ಎರಡು: ವರ್ಷದ ಕೊನೇ ದಿನದ "ಹಬ್ಬದ ಸಂಜೆ" ಲೈವ್ ಈ ಸಲಾನೂ ನಿಮ್ಮದೇ ತಾನೇ? ಒಂದೇ ಒಂದು ಸಲ ಬಂದು ಮೂಲೇಲಿ ನಿಂತು ನೋಡ್ಲಾ?

ನಿಮ್ಮ ಚಾರ್ಜರ್

ಎಡಿಟ್: ಅಂಚೆಗೆ ಹಾಕಿದ ಪತ್ರ ಡಿಲೀಟ್ ಮಾಡಕ್ಕಾಗಲ್ಲ ಅನ್ನೋದು ನೆನಪಾದಾಗೆಲ್ಲ ಭಯ ಆಗುತ್ತೆ.


ಅಕ್ಟೋಬರ್ 12

ಚಾರ್ಜರ್‌ಗೆ,

ಎರಡೂ ಕವರ್ ಒಂದೇ ದಿನ ಬಂದವು. ಎರಡನೆಯದನ್ನೇ ಮೊದಲು ಒಡೆದೆ. ಹಾಗಾಗಿ ನಿನ್ನ ಮಾತು ಮಧ್ಯದಿಂದ ಶುರುವಾಯಿತು. ತೊಂದರೆಯಿಲ್ಲ, ಮೊದಲನೆಯದೂ ಹಾಗೆಯೇ ಇತ್ತು.

ಆಹಾ ಯಾಕೆಂದು ಕೇಳಿದ್ದೀಯ. ನಮ್ಮ ಸ್ಟುಡಿಯೋ ಹಿಂದೆ ಕಾಗದದ ಗೋದಾಮಾಗಿತ್ತು. ನಡುವೆ ಒಂದು ಕಂಬವಿದೆ. ಕಿತ್ತರೆ ಮೇಲಿನ ಮಹಡಿ ಕೆಳಗೆ ಬರುತ್ತದೆ ಎಂದು ಹಾಗೇ ಬಿಟ್ಟಿದ್ದಾರೆ. ಕಂಬದ ಈಚೆ ನಾನು, ಆಚೆ ಗಾಜಿನ ಹಿಂದೆ ಆಪರೇಟರ್. ಅವನಿಗೆ ನನ್ನ ಮುಖ ಕಾಣುವುದಿಲ್ಲ, ಕೈ ಸನ್ನೆಯೂ ಕಾಣುವುದಿಲ್ಲ. ನನ್ನ ಮಾತು ಅವನ ಕಿವಿಗೆ ಹೋಗುತ್ತದೆ, ಜೊತೆಗೆ ಊರಿನ ಕಿವಿಗೂ. "ಮೂರನೇ ಮೈಕ್ ಏರಿಸಪ್ಪಾ" ಎಂದು ಊರಿಗೆಲ್ಲ ಸಾರಲಾಗುವುದಿಲ್ಲ. ಆದ್ದರಿಂದ ಆಹಾ. ಗಿಡ್ಡ ಆಹಾ ಎಂದರೆ ಮುಂದಿನ ಮೈಕ್ ಏರಿಸು. ಉದ್ದ ಆಹಾ ಎಂದರೆ ಇಳಿಸು. ಎರಡು ಆಹಾ ಎಂದರೆ ಜಾಹೀರಾತು ಬರಲಿ.

ಅಜ್ಜ ಅವತ್ತು ಒಂದಲ್ಲ, ಐದಾರು ಸಲ ಕೆಮ್ಮಿದರು. ನಿನಗೆ ಎಷ್ಟು ಕೇಳಿಸಿತು?

ಇದನ್ನು ಗುಂಪಿನಲ್ಲಿ ಹಾಕಬೇಡ. ಗುಟ್ಟೇನಲ್ಲ. ಆದರೆ ಗೊತ್ತಾದ ಮೇಲೆ ಜನ ಹಾಡು ಬಿಟ್ಟು ಮೈಕ್ ಎಣಿಸುತ್ತಾರೆ.

ಹಬ್ಬದ ಸಂಜೆ ಎಂದಿನಂತೆ ಇದೆ. ನೋಡಲು ಬಾ. ಮೂಲೆಯಲ್ಲಿ ಜಾಗವಿಲ್ಲ, ಅಲ್ಲಿ ಪಿಯಾನೋ ಇದೆ. ಬಾಗಿಲ ಹತ್ತಿರ ನಿಲ್ಲಬಹುದು. ಗಟ್ಟಿಯಾಗಿ ಉಸಿರಾಡುವ ಅಭ್ಯಾಸವಿದ್ದರೆ ಈಗಿನಿಂದಲೇ ಬಿಡು.

ಮೈಕಣ್ಣ


ಅಕ್ಟೋಬರ್ 17

ಮೈಕಣ್ಣ!!!

ಬಾಗಿಲ ಹತ್ತಿರ!!! ಚಿಕ್ಕಮ್ಮನಿಗೆ ಮೂರು ಸಲ ಓದಿ ಹೇಳ್ದೆ. ಅವ್ರು: "ಬಾಗಿಲ ಹತ್ರ ನಿಲ್ಸೋದು ಚಪ್ಪಲಿನ ಕಣೇ." ಇರ್ಲಿ. ಚಪ್ಪಲಿ ಆಗೋಕೂ ಅದೃಷ್ಟ ಬೇಕು.

ಹಳೇ ರೆಕಾರ್ಡಿಂಗ್ ಎಲ್ಲಾ ತೆಗೆದು ಮತ್ತೆ ಕೇಳ್ದೆ. ಗಿಡ್ಡ ಆಹಾ, ತಕ್ಷಣ ಕೊಳಲು ಹತ್ರ ಬರುತ್ತೆ. ಉದ್ದ ಆಹಾ, ಕೊಳಲು ದೂರ ಹೋಗುತ್ತೆ. ಮೈ ಜುಂ ಅಂತು! ಏಳು ವರ್ಷ ಕಣ್ಮುಂದೆನೇ, ಸಾರಿ ಕಿವಿಮುಂದೆನೇ ನಡೀತಿತ್ತು, ಒಬ್ಬರಿಗೂ ಗೊತ್ತಾಗಿಲ್ಲ. ಚಿಕ್ಕಮ್ಮ ಬಿಟ್ಟು ಯಾರಿಗೂ ಹೇಳಿಲ್ಲ. ಹೇಳಲ್ಲ. ಗುಂಪಲ್ಲಿ ಒಬ್ಬ "ಮೈಕಣ್ಣನಿಗೆ ವಯಸ್ಸಾಯ್ತು, ಮಾತು ಹೊಳೀದೇ ಇದ್ದಾಗ ಆಹಾ ಅಂತಾರೆ" ಅಂತ ಬರೆದ. ನಾಲಿಗೆ ತುದಿವರೆಗೂ ಬಂತು. ನುಂಗ್ಕೊಂಡೆ. ಕೊಟ್ಟ ಮಾತು ಕೊಟ್ಟ ಮಾತೇ.

ಆಹಾ ಮಾಲೆ ಮಾತ್ರ ನಮ್ಮ ಗುಂಪಿಂದ ಹಾರಿ ಎಲ್ಲೆಲ್ಲೋ ಹೋಗಿದೆ. ನಮ್ಮೂರ ಬಸ್ ನಿಲ್ದಾಣದಲ್ಲಿ ಒಬ್ಬರ ಫೋನ್ ರಿಂಗಾದ್ರೆ ನಿಮ್ಮ ಆಹಾನೇ! ನೀವು ಈಗ ರಿಂಗ್‌ಟೋನ್ ಮೈಕಣ್ಣ. ಇನ್ನೊಂದು ಸುದ್ದಿ: ನಿಮ್ಮ ಹೊಸ ಮ್ಯಾನೇಜರ್ ಗುಂಪಿಗೆ ಸೇರಿದಾರೆ! "ಕೇಳುಗರ ಅಭಿಪ್ರಾಯ ತಿಳಿಯೋಕೆ ಬಂದೆ" ಅಂದ್ರು. ಎಲ್ಲರೂ ಆಹಾ ಆಹಾ ಅಂತ ಸ್ವಾಗತ ಮಾಡಿದ್ವಿ. ಅವ್ರು ಹೆಬ್ಬೆರಳು ತೋರ್ಸಿದ್ರು.

ನಿಮ್ಮ ಚಾರ್ಜರ್


ಅಕ್ಟೋಬರ್ 28

ಚಾರ್ಜರ್‌ಗೆ,

ಆಹಾ ಮಾಲೆಯನ್ನು ಮ್ಯಾನೇಜರ್ ತಮ್ಮ ಕೋಣೆಯಲ್ಲಿ ನನಗೆ ಕೇಳಿಸಿದರು. ಜೋಡಣೆ ಚೆನ್ನಾಗಿದೆ. ಎರಡು ಆಹಾಗಳ ನಡುವೆ ಉಸಿರಿನ ಜಾಗ ಬಿಟ್ಟಿದ್ದೀಯ, ಅದಕ್ಕೇ ಜನ ನಗುತ್ತಾರೆ. ಅವರು ನಗಲಿಲ್ಲ. ಹೊಸಬರು, ಲೆಕ್ಕದ ವಿಭಾಗದಿಂದ ಬಂದವರು. "ಇದೇನು?" ಎಂದರು. "ಅಭ್ಯಾಸ" ಎಂದೆ. "ಬಿಡಬಹುದಲ್ಲ?" ಎಂದರು. "ನೋಡೋಣ" ಎಂದೆ. ಅಷ್ಟೇ ಮಾತು.

ಈ ವಾರ ಪಿಟೀಲಿನವರು ಬರುತ್ತಾರೆ. ಹಬ್ಬದ ಸಂಜೆಗೂ ಅವರೇ. ಹ್ಯಾಂಗರಿಗೆ ಕೋಟು ಹಾಕಬೇಡಿ.

ಮೈಕಣ್ಣ


ನವೆಂಬರ್ 8

ಮೈಕಣ್ಣ,

ನಿಂತ್ಕೊಂಡೇ ಬರೀತಿದೀನಿ. ಅಕ್ಷರ ಸೊಟ್ಟ ಆದ್ರೆ ಬೈಬೇಡಿ.

ನಿನ್ನೆ ಮಧ್ಯಾಹ್ನ ಅಂಗಡಿ ಫೋನಿಗೆ ನಿಮ್ಮ ಮ್ಯಾನೇಜರ್ ಮಾಡಿದ್ರು. ಈ ಸಲ ಹಬ್ಬದ ಸಂಜೆ ನಾನು ನಡೆಸಿಕೊಡಬೇಕಂತೆ! ನಾನು! ಮೈಕ್ ಮುಂದೆ! ಲೈವ್! ಗುಂಪಲ್ಲಿ ನಾನು ಹಾಕೋ ದನಿ ಸಂದೇಶ ಎಲ್ಲಾ ಕೇಳಿದಾರಂತೆ. "ನಿಮ್ಮ ಮಾತಲ್ಲಿ ಜೀವ ಇದೆ, ಕೇಳುಗರೇ ನಡೆಸೋ ಕಾರ್ಯಕ್ರಮ ಅಂತ ಮಾಡೋಣ" ಅಂದ್ರು. ನನ್ನ ಬಾಯಿಂದ ಬಂದ ಮೊದಲ ಮಾತು "ಮೈಕಣ್ಣ?" ಅಂತ. ಅವ್ರು "ಅವರದೂ ಒಪ್ಪಿಗೆ ಇದೆ. ಹೊಸಬರು ಬರಲಿ ಅಂತಾರೆ" ಅಂದ್ರು.

ಹೊಸಬರು ಬರಲಿ! ನೀವು ಹಾಗಂದ್ರಾ? ನನ್ನ ಹೆಸರು ನೀವೇ ಹೇಳಿದ್ರಾ? ಒಂದು ಮಾತೂ ಮೊದಲೇ ಬಾಯಿ ಬಿಡ್ಲಿಲ್ವಲ್ಲ, ಎಂಥ ಕಳ್ಳ ನೀವು!

ಫೋನ್ ಇಟ್ಟ ಮೇಲೆ ಅಂಗಡೀಲಿ ನಡೆದಿದ್ದು ಹೀಗಿದೆ.

ಚಿಕ್ಕಮ್ಮ: "ಯಾರೇ ಅದು?"

ನಾನು: "ರೇಡಿಯೋದವ್ರು."

"ಹಾಡು ಕೇಳಿದ್ಯಾ?"

"ಇಲ್ಲ, ಹಾಡ್ಸೋ ಕೆಲ್ಸ ಕೊಟ್ರು."

"ನಿಂಗಾ? ಬಾಗಿಲು ಹಾಕ್ಕೊಂಡು ಬಾ ಅಂದ್ರೆ ಬಾಗಿಲ ಜೊತೆ ಮಾತಾಡ್ತಾ ನಿಲ್ಲೋಳಿಗೆ?"

"ಅದಕ್ಕೇ ಕೊಟ್ಟಿದ್ದು."

ಆಮೇಲೆ ಅವ್ರು ಒಳಗೆ ಹೋಗಿ ತಮ್ಮ ಒಳ್ಳೇ ಸೀರೆ ತಂದು ಮೇಜಿನ ಮೇಲೆ ಹರಡಿ ಇಸ್ತ್ರಿ ಮಾಡೋಕೆ ಶುರು ಮಾಡಿದ್ರು. ಇನ್ನೂ ಎರಡು ತಿಂಗಳಿದೆ ಅಂದ್ರೂ ಕೇಳ್ಲಿಲ್ಲ.

ನಾನು ಇನ್ನೂ ಪೂರ್ತಿ ಹೂಂ ಅಂದಿಲ್ಲ. ನಿಮ್ಮ ಪತ್ರ ಬಂದ ಮೇಲೆ ಹೇಳ್ತೀನಿ ಅಂದಿದೀನಿ. ಬೇಗ ಬರೀರಿ. ಒಂದೇ ಸಾಲು ಸಾಕು. ಒಂದೇ ಪದ ಆದ್ರೂ ಸಾಕು.

ನಿಮ್ಮ ಚಾರ್ಜರ್


ನವೆಂಬರ್ 22

ಮೈಕಣ್ಣ,

ಅಂಚೆಯವರನ್ನ ದಿನಾ ಅಡ್ಡ ಹಾಕ್ತಿದೀನಿ. ಈಗ ಅವ್ರು ನಮ್ಮ ಬೀದಿ ಬಿಟ್ಟು ಹಿಂದಿನ ಬೀದೀಲಿ ಹೋಗ್ತಿದಾರೆ. ಕಾಗದದಲ್ಲಿ ಇದೊಂದು ಕಷ್ಟ. ನೀವು ಓದಿದ್ರೋ ಇಲ್ವೋ ತೋರ್ಸೋ ಗುರುತಿಲ್ಲ. ಬರೀತಾ ಇದೀರಾ, ಬರೆದು ಹರೀತಾ ಇದೀರಾ, ಅದೂ ಗೊತ್ತಾಗಲ್ಲ.

ಹೋದ ಶನಿವಾರ ನೀವೂ ಬರಲಿಲ್ಲ. ಬರೀ ರೆಕಾರ್ಡ್ ಹಾಡು, ಮಧ್ಯೆ ಯಾರೋ ಸಮಯ ಹೇಳಿದ್ರು. ರಜೆ ತಗೊಂಡ್ರಾ? ಗಂಟಲು ಸರಿ ಇಲ್ವಾ?

ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ್ರು. ಇನ್ನು ಕಾಯ್ಸೋಕಾಗಲ್ಲ ಅಂದ್ರು. ನೀವು ಒಪ್ಪಿದೀರಿ ಅಂತ ಅವ್ರೇ ಹೇಳಿದ್ರಲ್ಲ ಅನ್ನೋ ಧೈರ್ಯದ ಮೇಲೆ ಹೂಂ ಅಂದುಬಿಟ್ಟೆ.

ತಪ್ಪಾಯ್ತಾ?

ಚಾರ್ಜರ್


ನವೆಂಬರ್ 29

ಚಾರ್ಜರ್‌ಗೆ,

ಪತ್ರಗಳು ತಲುಪಿವೆ. ಕೆಲಸ ಹೆಚ್ಚಿತ್ತು. ಹೂಂ ಅಂದದ್ದು ಸರಿ.

ಕೆಲವು ವಿಷಯ ತಿಳಿದಿರಲಿ. ನೀರು ತಣ್ಣಗಿರಬಾರದು. ಕುರ್ಚಿಯ ಎಡಗಾಲು ಕಿರುಗುಟ್ಟುತ್ತದೆ, ಬಲಕ್ಕೆ ವಾಲಿ ಕೂತುಕೋ. ಬಂದ ಸಂಗೀತಗಾರರ ಚಪ್ಪಲಿ ಬಾಗಿಲ ಹೊರಗೇ ಬಿಡಿಸು. ತಾಳ ಹಾಕುವವರು ಕಾಲಿನಿಂದ ನೆಲಕ್ಕೇ ಹಾಕುತ್ತಾರೆ. ಪಿಟೀಲಿನವರನ್ನು ಹೊಗಳಬೇಡ, ಹೊಗಳಿದರೆ ಅವರು ಮುಂದಿನ ಹಾಡನ್ನು ಬೇಗ ಬೇಗ ಮುಗಿಸುತ್ತಾರೆ. "ಮುಂದೇನು ನುಡಿಸ್ತೀರಿ?" ಎಂದಷ್ಟೇ ಕೇಳು. ಹಾಡು ಮುಗಿದ ಮೇಲೆ ಎರಡು ಉಸಿರು ಬಿಟ್ಟು ಮಾತಾಡು. ಒಂದೇ ಉಸಿರಾದರೆ ಅವಸರ. ಮೂರಾದರೆ ಮನೆಯಲ್ಲಿ ಕೂತವರು ರೇಡಿಯೋ ಕೆಟ್ಟಿತೆಂದು ತಟ್ಟುತ್ತಾರೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು. ಕೇಳುವವರಿಗೆ ಅದು ಇಷ್ಟವಾಗುತ್ತದೆ.

ಆಪರೇಟರ್ ಒಳ್ಳೆಯವನು. ಆದರೆ ಆಹಾ ನಿನಗೆ ಬೇಡ. ಅದನ್ನೀಗ ಜನ ನಗುವುದಕ್ಕೇ ಕೇಳುತ್ತಾರೆ. ಬೇರೆ ಏನಾದರೂ ಹುಡುಕಿಕೋ.

ನಾನು ಬೆಳಗಿನ ಪಾಳಿಗೆ ಬಂದಿದ್ದೇನೆ. ಹವಾಮಾನ, ಬಸ್ಸಿನ ವೇಳೆ, ಕಳೆದುಹೋದ ವಸ್ತುಗಳ ಪ್ರಕಟಣೆ. ಗಂಟಲಿಗೆ ಆರಾಮ.

ಮೈಕಣ್ಣ


ಡಿಸೆಂಬರ್ 6

ಮೈಕಣ್ಣ,

ಉಸಿರು ಬಂತು! ನಿಮ್ಮ ಪತ್ರವನ್ನ ಪಾಠದ ಥರ ಬಾಯಿಪಾಠ ಮಾಡ್ತಿದೀನಿ. ಎರಡು ಉಸಿರು, ಬಲಕ್ಕೆ ವಾಲು, ಹೊಗಳಬೇಡ.

ಚಿಕ್ಕಮ್ಮನಿಗೆ ಓದಿ ಹೇಳ್ದೆ. ಎಲ್ಲಾ ಕೇಳಿಸ್ಕೊಂಡು ಅವ್ರು ಅಂದಿದ್ದು: "ಇದು ಆಶೀರ್ವಾದದ ಪತ್ರ ಅಲ್ಲ ಕಣೇ. ಮನೆ ಖಾಲಿ ಮಾಡ್ಕೊಂಡು ಹೋಗೋರು ಹೊಸ ಬಾಡಿಗೆಯವ್ರಿಗೆ ಯಾವ ಸ್ವಿಚ್ ಯಾವ ದೀಪಕ್ಕೆ ಅಂತ ತೋರ್ಸಿ ಹೋದ ಹಾಗಿದೆ." ನಾನು "ನಿಮಗೆ ಎಲ್ಲದ್ರಲ್ಲೂ ಕಲೆನೇ ಕಾಣೋದು" ಅಂದೆ. ಅವ್ರು "ಅದೇ ನನ್ ಕಸುಬು" ಅಂದ್ರು.

ಬೆಳಗಿನ ಪಾಳಿ ನೀವೇ ಕೇಳಿ ತಗೊಂಡಿದ್ದು ತಾನೇ? ಕೇಳಿದೆ, ನಿನ್ನೆ. ಕಳೆದುಹೋದ ಕೊಡೆ ಬಗ್ಗೆ ನೀವು ಓದಿದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ, ಆ ಕೊಡೆ ನಮ್ಮನೇದೇ ಆಗಿರಬಾರ್ದಿತ್ತಾ ಅನ್ನಿಸ್ತು.

ಮ್ಯಾನೇಜರ್ "ಸ್ಟುಡಿಯೋದಲ್ಲಿ ನಿಮಗೆ ಏನಾದ್ರೂ ಬೇಕಾ?" ಅಂತ ಕೇಳಿದ್ರು. ಕಂಬ ಅಡ್ಡ ಇದೆಯಂತಲ್ಲ, ಎದುರು ಗೋಡೆಗೊಂದು ಕನ್ನಡಿ ಹಾಕ್ಸಿ, ಆಪರೇಟರ್‌ಗೆ ನನ್ನ ಕೈ ಕಾಣುತ್ತೆ ಅಂದೆ. ಮಾರನೇ ದಿನವೇ ಹಾಕ್ಸಿಬಿಟ್ರಂತೆ! ಇನ್ನು ಕೈ ಎತ್ತಿದ್ರೆ ಏರ್ಸು, ಇಳಿಸಿದ್ರೆ ಇಳ್ಸು. ಹೇಗಿದೆ ಐಡಿಯಾ?

ಕಾರ್ಯಕ್ರಮದ ಕ್ರಮ ಇದರ ಜೊತೆ ಕಳ್ಸಿದೀನಿ. ಪಿಟೀಲು, ಮಕ್ಕಳ ಹಾಡು, ಅಕಾರ್ಡಿಯನ್ ಅಜ್ಜ, ಎಂಟು ಜನರ ಡ್ರಮ್ ತಂಡ, ಮತ್ತೆ ಪಿಟೀಲು. ನೋಡಿ ಹೇಳಿ.

ಅವತ್ತು ನೀವು ಬರಲೇಬೇಕು. ಮೂಲೇಲಿ ಪಿಯಾನೋ ಇದೆ, ಗೊತ್ತು. ಬಾಗಿಲ ಹತ್ರ ಬೇಡ, ನನ್ನ ಪಕ್ಕ ಇನ್ನೊಂದು ಕುರ್ಚಿ ಹಾಕ್ಸ್ತೀನಿ.

ನಿಮ್ಮ ಚಾರ್ಜರ್


ಡಿಸೆಂಬರ್ 15

ಚಾರ್ಜರ್‌ಗೆ,

ಕನ್ನಡಿ ನೋಡಿದೆ. ಒಳ್ಳೆಯ ಯೋಚನೆ. ಇಷ್ಟು ವರ್ಷ ನನಗಾಗಲಿ ಆಪರೇಟರಿಗಾಗಲಿ ಹೊಳೆದಿರಲಿಲ್ಲ.

ಕ್ರಮ ಸರಿಯಿದೆ. ಡ್ರಮ್ ತಂಡವನ್ನು ಎರಡನೇ ಗಂಟೆಯ ಕೊನೆಗೆ ತಳ್ಳು. ಅಷ್ಟು ಹೊತ್ತಿಗೆ ಕೇಳುವವರು ಅಡುಗೆಮನೆ ಸೇರಿರುತ್ತಾರೆ, ಪಾತ್ರೆ ಸದ್ದಿನ ಮೇಲೆ ಕೇಳಿಸುವುದು ಅದೊಂದೇ. ಎಂಟು ಜನಕ್ಕೆ ಮೈಕ್ ಹತ್ತಿರ ಇಡಬೇಡ, ದೂರವಿರಲಿ.

ಅವತ್ತು ಬರಲಾಗುವುದಿಲ್ಲ. ಮಾರನೇ ದಿನ ಬೆಳಗಿನ ಪಾಳಿಯಿದೆ. ಮನೆಯಲ್ಲಿ ರೇಡಿಯೋ ಇದೆ, ಕೇಳುತ್ತೇನೆ. ನಿನಗೆ ತೊಂದರೆಯಾಗುವುದಿಲ್ಲ. ಮಾತಿಗೆ ನಿನಗೆಂದೂ ಬರವಿಲ್ಲ.

ಮೈಕಣ್ಣ


ಜನವರಿ 2

ಚಾರ್ಜರ್‌ಗೆ,

ಕಾರ್ಯಕ್ರಮ ಚೆನ್ನಾಗಿತ್ತು. ಅಭಿನಂದನೆ.

ಆರಂಭದ ಪಿಟೀಲು ಹಿತವಾಗಿತ್ತು. ಅವರನ್ನು ಹೊಗಳದೆ ಉಳಿದದ್ದು ಒಳ್ಳೆಯದಾಯಿತು. ಮಕ್ಕಳ ಹಾಡಿನಲ್ಲಿ ಒಂದಿಬ್ಬರು ಮುಂದೆ ಓಡಿದರು, ಅದು ಇದ್ದದ್ದೇ. ಅಕಾರ್ಡಿಯನ್ ಅಜ್ಜ ಈ ಸಲ ಕೆಮ್ಮು ತಡೆದುಕೊಂಡರು.

ಡ್ರಮ್ ತಂಡದ ಭಾಗ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಎಂಟು ಜನ ಅಷ್ಟು ಸಣ್ಣ ಕೋಣೆಯಲ್ಲಿ ನುಡಿಸಿದರೆ ಸಾಮಾನ್ಯವಾಗಿ ಗದ್ದಲವಾಗುತ್ತದೆ. ನೀನು ಮೈಕ್ ದೂರ ಇಡಿಸಿದ್ದೆ, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಕೊನೆಯ ಪೆಟ್ಟಿನ ಮೇಲೆ ಮಾತು ಹಾಕದೆ ಎರಡು ಉಸಿರು ಕಾದೆ. ಇಡೀ ಸಂಜೆಯಲ್ಲಿ ಅದೇ ಒಳ್ಳೆಯ ಕ್ಷಣ.

ಮುಂದಿನ ವರ್ಷವೂ ನೀನೇ ನಡೆಸು. ಇನ್ನು ನನ್ನ ಸಲಹೆ ಬೇಕಾಗುವುದಿಲ್ಲ.

ಮೈಕಣ್ಣ


ಜನವರಿ 9

ಮೈಕಣ್ಣ,

ನಿಮ್ಮ ಪತ್ರ ಬಂದಾಗ ಅಂಗಡೀಲಿ ಗಿರಾಕಿಗಳಿದ್ರು. ಆದ್ರೂ ತಡೀಲಿಲ್ಲ, ಎಲ್ಲರ ಮುಂದೆ ಗಟ್ಟಿಯಾಗಿ ಓದೋಕೆ ಶುರು ಮಾಡ್ದೆ. ಪಿಟೀಲು ಆಯ್ತು, ಮಕ್ಕಳು ಆಯ್ತು, ಅಜ್ಜ ಆಯ್ತು. ಡ್ರಮ್ ತಂಡ ಅಂತ ಓದಿದ ತಕ್ಷಣ ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದ್ರು.

"ಡ್ರಮ್ಮಾ? ಯಾವ ಡ್ರಮ್ಮು?"

ನಾನು ಮುಂದಕ್ಕೆ ಓದಿದೆ. ಬಾಯಿ ಓದ್ತಾ ಇತ್ತು. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಅನ್ನೋವರೆಗೂ ಓದಿ ಹಾಳೆ ಮಡಚಿದೆ. ಚಿಕ್ಕಮ್ಮ ಗಿರಾಕಿಗಳಿಗೆ ಬಟ್ಟೆ ಕೊಟ್ಟು ಕಳ್ಸಿದ್ರು.

ಡ್ರಮ್ ತಂಡ ಬರಲೇ ಇಲ್ಲ ಮೈಕಣ್ಣ. ಅವರ ವ್ಯಾನು ಸೇತುವೆ ಆಚೆ ಕೆಟ್ಟು ನಿಂತಿತ್ತು. ನೀವು ಮೆಚ್ಚಿದ್ದು ನಾನು ಕಳ್ಸಿದ ಕ್ರಮದ ಹಾಳೇನ.

ಸರಿ, ಹಾಗಾದ್ರೆ ಅವತ್ತು ಏನಾಯ್ತು ಅಂತ ನಾನೇ ಹೇಳ್ತೀನಿ.

ಹಿಂದಿನ ದಿನ ತಾಲೀಮಿಗೆ ಹೋಗಿದ್ದೆ. ಸ್ಟುಡಿಯೋ ನಾನು ಅಂದ್ಕೊಂಡಿದ್ದಕ್ಕಿಂತ ಚಿಕ್ಕದು. ಗೋಡೆಗೆ ಮೆತ್ತಿರೋ ಸ್ಪಂಜು ಅಲ್ಲಲ್ಲಿ ಕಿತ್ತಿದೆ. ಕುರ್ಚಿಯಲ್ಲಿ ಬಲಕ್ಕೆ ವಾಲಿ ಕೂತೆ. ಆಪರೇಟರ್ ನೋಡಿ "ಇದ್ಯಾರು ಹೇಳ್ಕೊಟ್ರು?" ಅಂದ್ರು. ನೀವು ಅಂದೆ. ಅವ್ರು ಹೆಡ್‌ಫೋನ್ ತೆಗೆದಿಟ್ರು. ಆಮೇಲೆ ಹೇಳಿದ್ರು: "ಅಲ್ಲಮ್ಮ, ಹಬ್ಬದ ಸಂಜೆ ನಿಂಗೆ ಕೊಟ್ಟಿದ್ದು ಅವ್ರಿಗೆ ಗೊತ್ತಾಗಿದ್ದೇ ನಿನ್ ಕಾಗದದಿಂದ. ಇಲ್ಲೇ, ಇದೇ ಮೇಜಿನ ಮೇಲಿಟ್ಕೊಂಡು ಒಡೆದ್ರು. ಓದಿದ್ರು. ಮಡಚಿ ಜೇಬಿಗೆ ಹಾಕ್ಕೊಂಡು ಅವತ್ತಿನ ಕಾರ್ಯಕ್ರಮ ಪೂರ್ತಿ ಮಾಡಿದ್ರು. ಒಂದು ಆಹಾನೂ ಹೆಚ್ಚು ಕಮ್ಮಿ ಆಗ್ಲಿಲ್ಲ."

"ಮ್ಯಾನೇಜರ್ ಅವ್ರನ್ನ ಕೇಳಿರಲಿಲ್ವಾ?"

"ಮಾರನೇ ದಿನ ಕೇಳಿದ್ರು. ಕೇಳಿದ್ರು ಅಂದ್ರೆ ಹೇಳಿದ್ರು. ಆ ಆಹಾ ಮಾಲೆ ಇದೆಯಲ್ಲ, ಅದನ್ನ ತೋರ್ಸಿ, ಕೇಳುಗರು ಬೇಸತ್ತಿದಾರೆ, ಇನ್ನು ಬೆಳಗಿನ ಪಾಳಿ ಮಾಡಿ ಅಂದ್ರು."

ನಾನು ಆಗಲೇ ಮ್ಯಾನೇಜರ್ ಕೋಣೆಗೆ ಹೋದೆ. ಕಂಬಕ್ಕೆ ಆಹಾ ಯಾಕೆ ಬೇಕಿತ್ತು ಅನ್ನೋ ಕಥೆ ಎಲ್ಲಾ ಹೇಳಿದೆ. ಹೌದು, ಹೇಳಿಬಿಟ್ಟೆ. ಕೊಟ್ಟ ಮಾತು ಮೀರಿದೆ, ಅದಕ್ಕೆ ಕ್ಷಮೆ ಕೇಳಲ್ಲ. ಅವ್ರು ಎದ್ದು ಬಂದು ಕಂಬ ನೋಡಿದ್ರು, ಕನ್ನಡಿ ನೋಡಿದ್ರು. "ಅವರೇ ನಂಗೆ ಹೇಳಬಹುದಿತ್ತಲ್ಲ? ಅಭ್ಯಾಸ ಅಂದ್ರು" ಅಂದ್ರು. ಕೆಟ್ಟವರ ಥರ ಅನ್ನಿಸ್ಲಿಲ್ಲ. ನಿಜವಾಗ್ಲೂ ಅರ್ಥ ಆಗದೇ ಇರೋರ ಥರ ಅನ್ನಿಸ್ತು. ನಾನು ಮಾಡಲ್ಲ, ಮೈಕಣ್ಣನ್ನೇ ಕರೀರಿ ಅಂದೆ. ಅವ್ರು ನನ್ನೆದುರಿಗೇ ನಿಮಗೆ ಫೋನ್ ಮಾಡಿದ್ರು. ನೀವು ಏನಂದ್ರಿ ಅಂತ ನನಗೆ ಕೇಳಿಸ್ಲಿಲ್ಲ. ಅವ್ರು ಫೋನ್ ಇಟ್ಟು "ಹುಡುಗಿ ತಯಾರಾಗಿ ಬಂದಿದಾಳೆ, ಅವಳೇ ಮಾಡ್ಲಿ ಅಂದ್ರು" ಅಂದ್ರು.

ಅವತ್ತು ನಾನು ಇದನ್ನ ದೊಡ್ಡ ಮನಸ್ಸು ಅಂದ್ಕೊಂಡೆ. ಈಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು ಅಂತ ನೀವೇ ಹೇಳಿದ್ದು.

ಎರಡನೇ ಗಂಟೆ ಕೊನೇಲಿ ಡ್ರಮ್ ಇಲ್ಲ ಅಂತ ಗೊತ್ತಾಯ್ತು. ಆಪರೇಟರ್ ಕನ್ನಡೀಲಿ ನನ್ನ ಮುಖ ನೋಡಿ "ರೆಕಾರ್ಡ್ ಹಾಕ್ಲಾ?" ಅಂತ ತುಟಿ ಆಡಿಸಿದ್ರು. ನಾನು ಬೇಡ ಅಂದೆ. ಮೈಕಲ್ಲಿ ಹೀಗಂದೆ: "ಎಂಟು ಜನ ಬರಬೇಕಿತ್ತು, ಬಂದಿಲ್ಲ. ಮುಂದೇನು ಅಂತ ನನಗೆ ಗೊತ್ತಿಲ್ಲ. ಫೋನ್ ಮಾಡಿ. ಒಂದೇ ಸಾಲು ಹಾಡಿ. ಯಾವ ಶ್ರುತೀಲಾದ್ರೂ ಹಾಡಿ, ಪಿಟೀಲಿನವರು ಹಿಡ್ಕೋತಾರೆ." ಪಿಟೀಲಿನವರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನ ಬರೆಯೋಕಾಗಲ್ಲ. ಆದ್ರೂ ಪಿಟೀಲು ಎತ್ಕೊಂಡ್ರು.

ಒಬ್ಬ ಡ್ರೈವರ್ ಬಸ್ ಬದಿಗೆ ನಿಲ್ಸಿ ಹಾಡಿದ, ಹಿಂದಿನಿಂದ ಪ್ರಯಾಣಿಕರು "ನಡಿಯಪ್ಪ, ಮನೆಗೆ ಹೋಗ್ಬೇಕು" ಅಂತಿದ್ರು. ಒಂದು ಮಗು ಹಾಡು ಮರೆತು ಮಗ್ಗಿ ಹೇಳ್ತು, ಪಿಟೀಲಿನವರು ಮಗ್ಗೀನೂ ನುಡಿಸಿದ್ರು. ಒಬ್ಬ ಹೆಂಗಸು ಆಸ್ಪತ್ರೆ ಮೊಗಸಾಲೆಯಿಂದ ಪಿಸುದನೀಲಿ ಹಾಡಿದ್ಲು, ಪಕ್ಕದಲ್ಲಿ ಯಾರೋ ಮಲಗಿದಾರೆ ಅಂತ. ಅವಳಿಗೋಸ್ಕರ ನಾನು ಕೈ ಇಳಿಸಿ ಇಳಿಸಿ ಪಿಟೀಲನ್ನ ಎಷ್ಟು ಕೆಳಗೆ ತಂದೆ ಅಂದ್ರೆ, ಅವಳು ಉಸಿರು ಎಳ್ಕೊಳ್ಳೋದು ಊರಿಗೆಲ್ಲ ಕೇಳಿಸ್ತು. ಆಮೇಲೆ ನಮ್ಮ ಚಿಕ್ಕಮ್ಮ ಫೋನ್ ಮಾಡಿ, ದನಿ ಬದಲಾಯಿಸಿ, "ನಾನು ಒಬ್ಬ ಸಾಮಾನ್ಯ ಶ್ರೋತೃ, ನಿಮ್ಮ ಪರಿಚಯ ಇಲ್ಲ" ಅಂತ ಹೇಳಿ ಹಾಡಿದ್ರು. ಹಿಂದೆ ಹಬೆ ಇಸ್ತ್ರಿ ಬುಸ್ ಅಂತಿತ್ತು.

ಫೋನಿನ ದೀಪ ಹತ್ತಿದಾಗೆಲ್ಲ ನೀವೇ ಅಂದ್ಕೊಂಡೆ. ಒಂದೊಂದು ಸಲಾನೂ. ಕೊನೇ ಫೋನ್ ಮುಗಿದ ಮೇಲೆ ಎರಡು ಉಸಿರಲ್ಲ, ಮೂರು ಬಿಟ್ಟೆ. ನಾಲ್ಕನೇದೂ ಬಿಟ್ಟೆ. ಜನ ರೇಡಿಯೋ ತಟ್ಟಿರಬಹುದು. ತಟ್ಲಿ ಅನ್ನಿಸ್ತು.

ನಿಮ್ಮ ಮೇಲೆ ನನಗೆ ಸಿಟ್ಟು ಇದೆ. ಕುರ್ಚಿ ಹೋಯ್ತು ಅಂತ ನೀವು ನನಗೆ ಬರೀಬಹುದಿತ್ತು. "ನಿನ್ನ ತಮಾಷೆಯಿಂದ ಹೀಗಾಯ್ತು" ಅಂತ ಬೈಬಹುದಿತ್ತು. ಬೈದಿದ್ರೆ ನಾನು ಹೂಂ ಅಂತಿರಲಿಲ್ಲ. ಅದು ನಿಮಗೂ ಗೊತ್ತಿತ್ತು. ಅದಕ್ಕೇ ನೀರು ತಣ್ಣಗಿರಬಾರದು ಅಂತ ಬರೆದ್ರಿ. ಅಷ್ಟು ಅರ್ಥ ಆಗುತ್ತೆ ನನಗೆ. ಅವತ್ತು ಸಂಜೆ ರೇಡಿಯೋ ಹಾಕೋಕೆ ನಿಮಗೆ ಕೈ ಬರಲಿಲ್ಲ, ಅದೂ ಅರ್ಥ ಆಗುತ್ತೆ. ಹಾಗಂತ ಒಂದು ಸಾಲು ಬರೆದಿದ್ರೆ ನಾನು ಆ ಪತ್ರಾನ ಯಾರಿಗೂ ಓದಿ ಹೇಳ್ತಿರಲಿಲ್ಲ, ಹಾಗೇ ಇಟ್ಕೋತಿದ್ದೆ. ನೀವು ಬರೆದಿದ್ದು ಬರದೇ ಇರೋ ಎಂಟು ಜನರ ಪೆಟ್ಟಿನ ಬಗ್ಗೆ.

ಮುಂದಿನ ವರ್ಷದ ಮಾತು ಮ್ಯಾನೇಜರ್ ಎತ್ತಿದ್ರು. ಇಬ್ಬರು ಕೂರೋದಾದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ ಅಂದೆ. "ಅವರನ್ನ ಒಪ್ಪಿಸೋದು ನಿಮ್ಮ ಜವಾಬ್ದಾರಿ" ಅಂದ್ರು. ನಾನು ಒಪ್ಪಿಸೋಕೆ ಹೋಗಲ್ಲ. ನನ್ನ ಪಕ್ಕ ಕೂರೋ ಮೊದಲು ನಾನು ಹೇಗೆ ಮಾತಾಡ್ತೀನಿ ಅಂತ ನಿಮಗೆ ಗೊತ್ತಿರಬೇಕು. ಗೊತ್ತಾದ ಮೇಲೆ ಬೇಡ ಅನ್ನಿ, ಅದು ಬೇರೆ ಮಾತು.

ಇದೇ ಇಪ್ಪತ್ತಕ್ಕೆ, ಭಾನುವಾರ ಮಧ್ಯಾಹ್ನ, ಪೂರ್ತಿ ಮೂರು ಗಂಟೆ ಮರುಪ್ರಸಾರ ಇದೆ. ನಿಮಗೆ ಭಾನುವಾರ ಪಾಳಿ ಇಲ್ಲ, ಆಪರೇಟರ್ ಹತ್ರ ವಿಚಾರಿಸಿದೀನಿ. ಎಲ್ಲೆಲ್ಲಿ ತಪ್ಪಿದೀನಿ ಅಂತ ನಾನು ಹೇಳಲ್ಲ. ತಪ್ಪಿದೀನಿ, ಬೇಕಾದಷ್ಟು.

ಏಳು ವರ್ಷ ನಾನು ನಿಮ್ಮನ್ನ ಕೇಳಿದೀನಿ ಮೈಕಣ್ಣ. ಈ ಮೂರು ಗಂಟೆ ನೀವು ನನ್ನನ್ನ ಕೇಳ್ತೀರಾ, ಇಲ್ಲಾ ಇದನ್ನೂ ಕೇಳದೇನೇ ಚೆನ್ನಾಗಿತ್ತು ಅಂತ ಬರೀತೀರಾ?